ಅತ್ತೆ ಕೈ ಅಡುಗೆ ಎಲ್ಲಿ ಬರೆದಿಡೋದು? ನೋಟ್‌ಬುಕ್, ವಾಟ್ಸಾಪ್, ವಿಡಿಯೋ, ಗೂಗಲ್ ಡಾಕ್, ಜೆರಾಕ್ಸ್ ಪುಸ್ತಕ, ಯಾರಿಗೆ ಯಾವ್ದು

ಹೋದ ತಿಂಗಳು ಒಂದಿನ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಿದ್ದೆ, ನಮ್ಮ ಓರಗಿತ್ತಿ ಫೋನ್ ಮಾಡಿದ್ಲು. "ಅಕ್ಕಾ, ಅತ್ತೆ ಸಾರಿನ ಪುಡಿ ಅಳತೆ ನಿಮ್ಮತ್ರ ಇದ್ಯಾ? ನಾನು ಬರ್ಕೊಂಡಿರೋದ್ರಲ್ಲಿ ಮೆಂತ್ಯ ಸ್ವಲ್ಪ ಅಂತಿದೆ, ಸ್ವಲ್ಪ ಅಂದ್ರೆ ಎಷ್ಟು ಅಕ್ಕಾ?" ಕೈ ಒರೆಸ್ಕೊಂಡು ಹೋಗಿ ನನ್ನ ಡೈರಿ ತೆಗೆದು ನೋಡಿದ್ರೆ ನಾನು "ಮೆಂತ್ಯ ಹದವಾಗಿ" ಅಂತ ಬರೆದಿಟ್ಕೊಂಡಿದ್ದೀನಿ. ಮದ್ವೆ ಆಗಿ 18 ವರ್ಷ ಆದ ನನ್ನತ್ರನೂ ಲೆಕ್ಕ ಇಲ್ಲ, 9 ವರ್ಷ ಆದ ಅವಳತ್ರನೂ ಇಲ್ಲ. ಮೆಂತ್ಯ ಒಂಚೂರು ಜಾಸ್ತಿ ಬಿದ್ರೆ ಸಾರು ಕಹಿ, ಕಮ್ಮಿ ಬಿದ್ರೆ ಅತ್ತೆ ಸಾರಿನ ಆ ಘಮ ಇಲ್ಲ. ಅತ್ತೆನ ಕೇಳಿದ್ರೆ "ಕೈಗೆ ಬಂದಷ್ಟು ಹಾಕ್ರೇ" ಅಂತಾರೆ, ಅವರ ಕೈಗೆ ಬರೋದು ನಮ್ಮ ಕೈಗೆ ಬರಲ್ಲ ಅನ್ನೋದೇ ತಾಪತ್ರಯ.

ಅತ್ತೆಗೆ ಈಗ 76. ಸರಿ, ಎಲ್ಲಾ ಬರೆದಿಟ್ಬಿಡೋಣ ಅಂತ ಆಯ್ತು. ಎಲ್ಲಿ ಬರೆಯೋದು ಅನ್ನೋ ಕಡೆ ಗಾಡಿ ನಿಂತೋಯ್ತು. ಓರಗಿತ್ತಿ ವಿಡಿಯೋ ಅಂದ್ಲು, ಮೈದುನ ಗೂಗಲ್ ಡಾಕ್ (ನೆಟ್ಟಲ್ಲಿ ಎಲ್ರೂ ಸೇರಿ ಬರೆಯೋ ಪುಟ) ಅಂದ, ನನ್ನ ಮಗಳು "ಫ್ಯಾಮಿಲಿ ಗ್ರೂಪಿಗೆ ಹಾಕಮ್ಮ ಸಾಕು" ಅಂದ್ಲು, ಅತ್ತೆ ಮಾತ್ರ "ಒಂದು ಪುಸ್ತಕದಲ್ಲಿ ಬರ್ಕೊಳ್ರೇ, ಇದಕ್ಕೆ ಅಷ್ಟೊಂದು ಮೀಟಿಂಗ್ ಯಾಕೆ" ಅಂದ್ರು. ಆಮೇಲೆ ಗೊತ್ತಾಯ್ತು ಇದೇ ಪ್ರಶ್ನೆ ನನ್ನ ಆಫೀಸಲ್ಲಿ ಇಬ್ಬರಿಗೆ, ನಮ್ಮ ಚಿಕ್ಕಮ್ಮನ ಮಗಳಿಗೆ, ಎಲ್ರಿಗೂ ಇದೆ ಅಂತ. ಕಳೆದ ನಾಲ್ಕೈದು ವರ್ಷದಲ್ಲಿ ಈ ಐದನ್ನೂ ನಾನು ಒಂದಲ್ಲ ಒಂದು ಸಲ ಮಾಡಿ, ಕೆಲವು ಹಾಳು ಮಾಡ್ಕೊಂಡು ನೋಡಿದ್ದೀನಿ, ಅದಕ್ಕೆ ಬರೀತಿದ್ದೀನಿ.

ಮೊದ್ಲು ಏನೇನು ನೋಡ್ಬೇಕು

ನನ್ನ ಪ್ರಕಾರ ಮುಖ್ಯವಾದ್ದು ಅಳತೆ. ಆ ಜಾಗದಲ್ಲಿ ಅಳತೆ ಸಿಗುತ್ತಾ ಇಲ್ವಾ. ಆಮೇಲೆ ಹದ, ಅಂದ್ರೆ ಕೈಯಲ್ಲಿ ಮಾಡಿ ಕಣ್ಣಲ್ಲಿ ನೋಡಿ ಕಲಿಯೋ ಭಾಗ, ಅದು ಸಿಗುತ್ತಾ. ಮೂರನೇದು ಒಲೆ ಮೇಲೆ ಎಣ್ಣೆ ಕಾಯ್ತಿರೋವಾಗ, ಕೈಯೆಲ್ಲ ಹಿಟ್ಟಾಗಿರೋವಾಗ, ಅರ್ಧ ನಿಮಿಷದಲ್ಲಿ ಹುಡುಕಿ ನೋಡೋಕಾಗುತ್ತಾ. ನಾಲ್ಕನೇದನ್ನ ಯಾರೂ ಯೋಚನೆ ಮಾಡಲ್ಲ, ಹೇಳೋರಿಗೆ ಸುಲಭನಾ? ಅತ್ತೆನೋ ಅಜ್ಜಿನೋ ಕ್ಯಾಮರಾ ನೋಡಿದ ತಕ್ಷಣ ಮಾತೇ ನಿಲ್ಲಿಸಿಬಿಟ್ರೆ ಯಾವ ಆ್ಯಪ್ ಇದ್ದು ಏನು. ಉಳಿದಿದ್ದು ಹತ್ತು ವರ್ಷ ಆದ್ರೂ ಇರುತ್ತಾ, ದೂರ ಇರೋರಿಗೆ ತಲುಪುತ್ತಾ, ದುಡ್ಡೆಷ್ಟು. ದುಡ್ಡಿನ ವಿಷ್ಯ ಇಲ್ಲಿ ದೊಡ್ಡದಲ್ಲ ಬಿಡಿ, ಸಮಯದ ಖರ್ಚೇ ಜಾಸ್ತಿ.

ಅಳತೆ ಬಗ್ಗೆ ಇನ್ನೊಂದೆರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಇದು ಸರಿ ಇಲ್ದಿದ್ರೆ ಯಾವ ಕಡೆ ಬರೆದ್ರೂ ಒಂದೇ. ತೂಕ ಅಳತೆಗೆ ಮೆಟ್ರಿಕ್ ಪದ್ಧತಿ ತರೋ ಕಾಯ್ದೆ ಬಂದಿದ್ದು 1956ರಲ್ಲಿ, ಆದ್ರೆ ನಮ್ಮತ್ತೆ ಬಾಯಲ್ಲಿ ಇವತ್ತಿಗೂ ಪಾವು, ಅಚ್ಚೇರು, ಚಟಾಕೇ. ಪಾವು ಅನ್ನೋದು ಪಾತ್ರೆ ಅಳತೆ, ತೂಕ ಅಲ್ಲ. ನಮ್ಮನೆ ಪಾವಲ್ಲಿ ಅಕ್ಕಿ ತುಂಬಿ ತೂಗಿದ್ರೆ 210 ಗ್ರಾಂ ಬಂತು, ಅದೇ ಪಾವಲ್ಲಿ ಕೊತ್ತಂಬರಿ ಬೀಜ ತುಂಬಿದ್ರೆ 80 ಗ್ರಾಂ ಅಷ್ಟೆ. ಯಾರೋ "ಪಾವು ಅಂದ್ರೆ ಕಾಲು ಕೆಜಿ" ಅಂದ್ಕೊಂಡು ಕಾಲು ಕೆಜಿ ಕೊತ್ತಂಬರಿ ಹುರಿದ್ರೆ ಕಥೆ ಮುಗೀತು. ಉಪ್ಪೂ ಹಾಗೇನೇ, ಅತ್ತೆ ಚಮಚ ಹರಳುಪ್ಪಿನದು, ನಮ್ಮ ಚಮಚ ಪುಡಿ ಉಪ್ಪಿನದು. ಒಂದೇ ಚಮಚದಲ್ಲಿ ಪುಡಿ ಉಪ್ಪು ಜಾಸ್ತಿ ಹಿಡಿಯುತ್ತೆ, ಅದಕ್ಕೆ ಅವರು ಹೇಳಿದಷ್ಟೇ ಹಾಕಿದ್ರೂ ನಮ್ಮ ಹುಳಿ ಉಪ್ಪುಪ್ಪು. ಹುಣಸೆಹಣ್ಣು "ನಿಂಬೆಹಣ್ಣಿನ ಗಾತ್ರ" ಅಂತಾರೆ, ನಿಂಬೆಹಣ್ಣಲ್ಲೇ ಗೋಲಿಯಷ್ಟಿರೋದೂ ಇದೆ ಚೆಂಡಿನಷ್ಟಿರೋದೂ ಇದೆ.

ಇದಕ್ಕೆ ನಾನು ಕಂಡ್ಕೊಂಡ ಉಪಾಯ ಏನಂದ್ರೆ, ಒಂದು ಸಣ್ಣ ಡಿಜಿಟಲ್ ತಕ್ಕಡಿ, ನಾನು ತಗೊಂಡಿದ್ದು 350 ರೂಪಾಯಿಗೆ. ಅತ್ತೆಗೆ "ಅಳೆದು ಹಾಕಿ" ಅಂದ್ರೆ ಅವರಿಗೆ ಕೈ ಕಟ್ಟಿ ಹಾಕಿದಂಗೆ ಆಗುತ್ತೆ. ಹಾಗನ್ಬೇಡಿ. ಮೆಂತ್ಯದ ಡಬ್ಬ ಮೊದ್ಲೇ ತೂಗಿ ಬರ್ಕೊಳಿ, ಅವರ ಪಾಡಿಗೆ ಅವರು ಕೈ ಹಾಕಿ ತಗೊಳ್ಳಲಿ, ಆಮೇಲೆ ಡಬ್ಬ ಮತ್ತೆ ತೂಗಿ. ಕಮ್ಮಿ ಆಗಿದ್ದೇ ಅಳತೆ. ಹೀಗೆ ಮಾಡಿದ್ಮೇಲೆ ಕೊನೆಗೂ ಸಿಕ್ತು ನೋಡಿ: 80 ಗ್ರಾಂ ಕೊತ್ತಂಬರಿ ಬೀಜಕ್ಕೆ ಮೆಂತ್ಯ 6 ಗ್ರಾಂ, ಜೀರಿಗೆ 20, ಕಾಳುಮೆಣಸು 10, ಸಾಸಿವೆ 4, ಬ್ಯಾಡಗಿ ಮೆಣಸಿನಕಾಯಿ 25, ಗುಂಟೂರು 10. ಕರಿಬೇವು ಎರಡು ಹಿಡಿ, ಇಂಗು ಕಡಲೆಕಾಳಿನಷ್ಟು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ಮಕ್ಕಳಿರೋ ಮನೇಲಿ ಗುಂಟೂರು ಅರ್ಧ ಮಾಡ್ಕೊಳಿ. ಎಲ್ಲಾ ಬೇರೆ ಬೇರೆ ಹುರೀಬೇಕು, ಮೆಂತ್ಯ ಕೆಂಪಗಾದ್ರೆ ಸಾಕು, ಕಪ್ಪಾದ್ರೆ ಆ ಪುಡಿ ಮನೆ ಮಂದಿಗಾಗಲ್ಲ.

ನೋಟ್‌ಬುಕ್

ಅತ್ತೆ ಪಕ್ಷದಿಂದ ಶುರು ಮಾಡ್ತೀನಿ. ಹಳೇ ಎಲ್ಐಸಿ ಡೈರಿ, ಬ್ಯಾಂಕ್ ಡೈರಿ, ಮಕ್ಕಳ ಉಳಿದ ಲಾಂಗ್ ಬುಕ್ಕು, ಖರ್ಚು ಇಲ್ವೇ ಇಲ್ಲ ಅನ್ಬಹುದು. ಚಾರ್ಜ್ ಬೇಡ, ನೆಟ್ ಬೇಡ, ಅಡುಗೆಮನೆ ಕಟ್ಟೆ ಮೇಲೆ ತೆರೆದಿಟ್ರೆ ಸ್ಕ್ರೀನ್ ಆಫ್ ಆಗೋ ಗೋಳಿಲ್ಲ. ಹೇಳೋರಿಗೂ ಸುಲಭ, ಅವರು ಸೊಪ್ಪು ಸೋಸ್ತಾ ಹೇಳ್ತಾ ಹೋಗ್ತಾರೆ ನಾವು ಬರ್ಕೊಳ್ತಾ ಹೋಗ್ತೀವಿ. ಪಕ್ಕದಲ್ಲಿ ಜಾಗ ಬಿಟ್ಟು ಬರೆದ್ರೆ ಮಾಡಿದ ದಿನ "ಬೆಲ್ಲ ಜಾಸ್ತಿ ಆಯ್ತು" "ಇವರಿಗೆ ಇಷ್ಟ ಆಗ್ಲಿಲ್ಲ" ಅಂತ ಗುರುತು ಹಾಕ್ಕೋಬಹುದು, ನನಗೆ ಈ ಗುರುತುಗಳೇ ಮೂಲ ಅಡುಗೆಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಕಷ್ಟ ಏನಂದ್ರೆ ಇರೋದು ಒಂದೇ ಕಾಪಿ. ನೀರು ಬಿದ್ರೆ, ಮನೆ ಬದಲಾಯಿಸೋವಾಗ ಹಳೇ ಪೇಪರ್ ಜೊತೆ ಹೋದ್ರೆ ಹೋಯ್ತು. ಇಂಕ್ ಪೆನ್ನಲ್ಲಿ ಬರೀಬೇಡಿ, ಒಂದು ಹನಿ ನೀರಿಗೆ ಕರಗಿ ಹೋಗುತ್ತೆ, ಬಾಲ್‌ಪೆನ್ ಅಥ್ವಾ ಪೆನ್ಸಿಲ್ ವಾಸಿ. ಮತ್ತೆ ಬರೆದೋರಿಗೆ ಮಾತ್ರ ಅರ್ಥ ಆಗೋ ಥರ ಬರೆದಿರ್ತೀವಿ. ನಮ್ಮಮ್ಮನ ಬುಕ್ಕಲ್ಲಿ ಒಂದು ಕಡೆ "ಆಮೇಲೆ ಎಂದಿನಂತೆ" ಅಂತಿದೆ, ಯಾವ ಎಂದಿನಂತೆ ಅಮ್ಮ ಅಂದ್ರೆ ಅವರಿಗೂ ನೆನಪಿಲ್ಲ. ಹೋಳಿಗೆ ಕಣಕದ ಹದ, ರಾಗಿ ಮುದ್ದೆ ತಿರುವೋದು, ಇದೆಲ್ಲ ಅಕ್ಷರದಲ್ಲಿ ಹಿಡಿಯೋಕೆ ಹೋದ್ರೆ ಎರಡು ಪುಟ ಬರೆದ್ರೂ ಬರಲ್ಲ.

ಒಂದೇ ಮನೇಲಿ ಇರೋರು, ಬರೆಯೋ ಅಭ್ಯಾಸ ಇರೋರು, ಸಾರು ಹುಳಿ ಗೊಜ್ಜು ತಂಬುಳಿ ಥರ ಅಳತೆ ಸಿಕ್ರೆ ಬಂದುಬಿಡೋ ಅಡುಗೆಗಳು ಜಾಸ್ತಿ ಇದ್ರೆ ಇದೇ ಸಾಕು. ತಿಂಗಳಿಗೊಂದು ಸಲ ಹೊಸ ಪುಟಗಳ ಫೋಟೋ ಹೊಡೆದು ಇನ್ನೊಬ್ಬರಿಗೆ ಕಳಿಸಿಟ್ರೆ ಕಳೆದೋಗೋ ಭಯನೂ ಅರ್ಧ ಕಮ್ಮಿ.

ವಾಟ್ಸಾಪ್ ಗ್ರೂಪು

ಎಲ್ರೂ ಮೊದ್ಲು ಇಲ್ಲಿಗೇ ಹೋಗೋದು, ಯಾಕಂದ್ರೆ ಎಲ್ರೂ ಆಗ್ಲೇ ಅಲ್ಲಿದ್ದಾರೆ. ಹೊಸದೇನೂ ಕಲೀಬೇಕಿಲ್ಲ. ಅತ್ತೆಗೆ ಟೈಪ್ ಬರಲ್ಲ ಆದ್ರೆ ವಾಯ್ಸ್ ಮೆಸೇಜ್ ಚೆನ್ನಾಗಿ ಬರುತ್ತೆ, ಮೈಕ್ ಒತ್ತಿ ಹಿಡ್ಕೊಂಡು ನಾಲ್ಕು ನಿಮಿಷ ಮಾತಾಡ್ತಾರೆ, ಅದರಲ್ಲಿ ಮೂರು ನಿಮಿಷ ಅಡುಗೆ ಒಂದು ನಿಮಿಷ ಪಕ್ಕದ ಮನೆ ಸುದ್ದಿ. ಹೇಳೋರಿಗೆ ಇಷ್ಟು ಸುಲಭವಾದ್ದು ಇನ್ನೊಂದಿಲ್ಲ, ಇದನ್ನ ಒಪ್ಕೋತೀನಿ.

ಹಂಚೋಕೆ ಇದು ಬಲು ಚೆನ್ನ, ಇಡೋಕೆ ಮಾತ್ರ ಬಲು ಕೆಟ್ಟದು. ಬೆಳಿಗ್ಗೆ ಹಾಕಿದ ಅಡುಗೆ ಸಾಯಂಕಾಲದ ಹೊತ್ತಿಗೆ ಗುಡ್ ಮಾರ್ನಿಂಗ್, ಹುಟ್ಟುಹಬ್ಬ, ಪಂಚಾಂಗದ ಫೋಟೋಗಳ ಕೆಳಗೆ ಹೂತೋಗಿರುತ್ತೆ. ಹುಡುಕೋಣ ಅಂದ್ರೆ ಒಬ್ರು ಮೆಂತ್ಯ ಅಂತ ಬರೆದಿರ್ತಾರೆ, ಒಬ್ರು ಮೆಂತೆ, ಇನ್ನೊಬ್ರು ಇಂಗ್ಲಿಷ್ ಅಕ್ಷರದಲ್ಲಿ, ಒಂದರಲ್ಲಿ ಹುಡುಕಿದ್ರೆ ಇನ್ನೊಂದು ಸಿಗಲ್ಲ, ವಾಯ್ಸ್ ಮೆಸೇಜ್ ಒಳಗಿರೋ ಮಾತಂತೂ ಹುಡುಕಾಟಕ್ಕೆ ಸಿಗೋದೇ ಇಲ್ಲ. ಸ್ಟೇಟಸ್ಸಲ್ಲಿ ಹಾಕಿದ್ರೆ 24 ಗಂಟೆಗೆ ಮಾಯ. ಗ್ರೂಪಲ್ಲಿ ಯಾರಾದ್ರೂ ಮೆಸೇಜ್ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಆನ್ ಮಾಡಿದ್ರೆ 24 ಗಂಟೆ, 7 ದಿನ ಇಲ್ಲಾ 90 ದಿನಕ್ಕೆ ಆಮೇಲೆ ಹಾಕಿದ್ದೆಲ್ಲಾ ಖಾಲಿ, ಒಂದ್ಸಲ ಚೆಕ್ ಮಾಡಿ ನೋಡಿ.

ನನಗೆ ಆಗಿದ್ದು ಹೇಳ್ತೀನಿ. ನಮ್ಮಜ್ಜಿ, ಅಮ್ಮನ ಅಮ್ಮ, ಮೆಂತ್ಯದ ಹಿಟ್ಟು ಮಾಡೋ ಕ್ರಮ ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸಿದ್ರು. ಆಮೇಲೆ ಮೊಬೈಲ್ ಬದಲಾಯಿಸ್ದೆ, ಬ್ಯಾಕಪ್ ತಗೋಬೇಕು ಅಂತ ಹೊಳೀಲೇ ಇಲ್ಲ, ತಪ್ಪು ಪೂರ್ತಿ ನಂದೇ. ಅಜ್ಜಿ ಈಗಿಲ್ಲ. ಹಿಟ್ಟಿನ ಅಳತೆ ಅಮ್ಮಂಗೆ ಗೊತ್ತು, ಅದು ಸಿಕ್ತು, ಅಜ್ಜಿ ದನಿ ಸಿಗ್ಲಿಲ್ಲ.

ಅದಕ್ಕೆ ಇದನ್ನ ಬಳಸೋದಾದ್ರೆ ಅಡುಗೆಗೇ ಅಂತ ಬೇರೆ ಗ್ರೂಪ್ ಮಾಡಿ, ಅದರಲ್ಲಿ ಬೇರೆ ಏನೂ ಹಾಕ್ಬಾರ್ದು ಅಂತ ಕಟ್ಟುನಿಟ್ಟು ಮಾಡಿ (ಎರಡು ವಾರ ನಡೆಯುತ್ತೆ, ಆಮೇಲೆ ದೊಡ್ಡಪ್ಪ ರಾಜಕೀಯ ಹಾಕೇ ಹಾಕ್ತಾರೆ), ಬೇಕಾದ್ದಕ್ಕೆ ಸ್ಟಾರ್ ಒತ್ತಿ, ವಾಯ್ಸ್ ಮೆಸೇಜ್‌ಗಳನ್ನ ಅವತ್ತೇ ಗೂಗಲ್ ಡ್ರೈವಿಗೆ ಕಳಿಸಿ. ಬೇರೆ ಬೇರೆ ಊರಲ್ಲಿ ಇರೋ ಅಕ್ಕತಂಗೀರು "ಇವತ್ತು ಏನು ಮಾಡಿದ್ರಿ" ಅಂತ ಮಾತಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೇದು ಬೇಕಿಲ್ಲ, ಖಜಾನೆ ಅಂತ ಮಾತ್ರ ನಂಬ್ಕೋಬೇಡಿ.

ವಿಡಿಯೋ

ಓರಗಿತ್ತಿ ಹೇಳಿದ್ದು ಪೂರ್ತಿ ತಪ್ಪಲ್ಲ. ಕೆಲವು ಅಡುಗೆಗೆ ವಿಡಿಯೋ ಬಿಟ್ರೆ ಗತಿ ಇಲ್ಲ. ಹೋಳಿಗೆ, ಕಣಕ ಎಷ್ಟು ಮೆತ್ತಗಿರ್ಬೇಕು, ಹೂರಣ ಒಳಗಿಟ್ಟು ಹೇಗೆ ಮುಚ್ಚಬೇಕು. ಜೋಳದ ರೊಟ್ಟಿ ತಟ್ಟೋದು, ಮುದ್ದೆ ಕೋಲು ತಿರುಗಿಸೋದು, ಕಡುಬು ಕಟ್ಟೋದು, ಬೆಲ್ಲದ ಪಾಕ ಎಳೆ ಬಂತಾ ಅಂತ ಬೆರಳಲ್ಲಿ ನೋಡೋದು. ಸಾರು ಕುದಿಯೋದಲ್ಲ, ಮೇಲೆ ನೊರೆ ಕಟ್ಟಿ ಉಕ್ಕೋಕೆ ಬಂದಾಗ ಒಲೆ ಆರಿಸ್ಬೇಕು ಅಂತ ನಾನು ಹತ್ತು ಸಲ ಕೇಳಿದ್ದೆ, ನೋಡಿದ್ಮೇಲೇ ಅರ್ಥ ಆಗಿದ್ದು.

ಆದ್ರೆ ವಿಡಿಯೋ ತೆಗೆಯೋಕೆ ಎರಡು ಜನ ಬೇಕು, ಒಬ್ರು ಮಾಡೋಕೆ ಒಬ್ರು ಹಿಡಿಯೋಕೆ. ಮುಖ ಹಿಡೀಬೇಡಿ, ಕೈ ಹಿಡೀರಿ, ಬಾಣಲೆ ಒಳಗೆ ಕಾಣೋ ಹಾಗೆ. ಮುಖ ಹಿಡಿದ್ರೆ ಅತ್ತೆ ಸೆರಗು ಸರಿ ಮಾಡ್ಕೊಳ್ಳೋದ್ರಲ್ಲೇ ಒಗ್ಗರಣೆ ಸೀದೋಗುತ್ತೆ. ಫ್ಯಾನ್ ಆಫ್ ಮಾಡಿ, ಚಿಮಣಿ ಆಫ್ ಮಾಡಿ, ಇಲ್ದಿದ್ರೆ ಮಾತು ಕೇಳಲ್ಲ. ಇಡೀ ಅಡುಗೆ 40 ನಿಮಿಷ ತೆಗೀಬೇಡಿ, ಆಮೇಲೆ ಅದನ್ನ ನೋಡೋರು ಯಾರೂ ಇಲ್ಲ. ಹದದ ಜಾಗ ಮಾತ್ರ, ಅರ್ಧ ನಿಮಿಷ ಒಂದು ನಿಮಿಷದ ತುಣುಕು. ಅಳತೆಗೆ ವಿಡಿಯೋ ಬೇಡವೇ ಬೇಡ, ಒಂದು ಚಮಚ ಎಷ್ಟು ಅಂತ ನೋಡೋಕೆ ಹಿಂದೆ ಮುಂದೆ ಎಳೀತಾ ಕೂತ್ರೆ ಅಡುಗೆ ಆದಂಗೇ.

ಇಡೋದು ಎಲ್ಲಿ ಅಂದ್ರೆ, ಯೂಟ್ಯೂಬಲ್ಲಿ ಅನ್‌ಲಿಸ್ಟೆಡ್ ಅಂತ ಹಾಕಿದ್ರೆ ಲಿಂಕ್ ಇರೋರಿಗೆ ಮಾತ್ರ ಕಾಣುತ್ತೆ, ಹುಡುಕಿದೋರಿಗೆ ಕಾಣಲ್ಲ. ದುಡ್ಡು ಇಲ್ಲ. ಲಿಂಕ್ ಸಿಕ್ಕಿದೋರು ಇನ್ನೊಬ್ಬರಿಗೆ ಕೊಟ್ರೆ ಅವರೂ ನೋಡ್ಬಹುದು ಅನ್ನೋದು ಅತ್ತೆಗೆ ಮೊದ್ಲೇ ಹೇಳಿ ಒಪ್ಪಿಗೆ ತಗೊಳಿ, ಕೆಲವು ಹಿರಿಯರಿಗೆ ಅದು ಇಷ್ಟ ಆಗಲ್ಲ. ಡ್ರೈವಲ್ಲಿ ಇಡೋದಾದ್ರೆ ಗೂಗಲ್ ಕೊಡೋ 15 ಜಿಬಿ ಫ್ರೀ ಜಾಗ ಜಿಮೇಲ್, ಫೋಟೋಸ್ ಎಲ್ಲ ಸೇರಿ, ವಿಡಿಯೋ ಹಾಕ್ತಾ ಹೋದ್ರೆ ಬೇಗ ತುಂಬುತ್ತೆ.

ಗೂಗಲ್ ಡಾಕ್

ನಾನು ಮೊದ್ಲು ಇದನ್ನ ನಗಾಡಿದ್ದೆ, ಇದೇನು ಆಫೀಸಾ ಅಂತ. ಈಗ ಸ್ವಲ್ಪ ತಲೆ ತಗ್ಗಿಸಿದ್ದೀನಿ. ದೂರ ದೂರ ಇರೋ ಮನೆಗೆ ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ನಾದಿನಿ ಅಮೆರಿಕದಲ್ಲಿದ್ದಾಳೆ, ಅವಳ ಅಳತೆ ಕಪ್ 240 ಎಂಎಲ್, ಅವಳಿಗೆ ಸಿಗೋ ಮೆಣಸಿನಕಾಯಿ ಬೇರೆ, ಅವಳದು ಕರೆಂಟ್ ಒಲೆ, ಆರಿಸಿದ್ರೂ ಬಿಸಿ ಇಳಿಯಲ್ಲ. ಅವಳು ತನ್ನ ಅನುಭವ ಅದರ ಕೆಳಗೇ ಸೇರಿಸ್ತಾಳೆ, ನಾವಿಲ್ಲಿ ಓದ್ತೀವಿ. ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋದು ಹಿಸ್ಟರೀಲಿ ಇರುತ್ತೆ, ಹಾಗಾಗಿ "ನನ್ನ ಹುಳಿ ಪುಡಿಗೆ ಚಕ್ಕೆ ಸೇರಿಸಿದ್ದು ಯಾರು" ಅನ್ನೋ ಜಗಳಕ್ಕೆ ಸಾಕ್ಷಿ ಉಂಟು. ಹುಡುಕೋದು ಸುಲಭ, ಅಡುಗೆ ಹೆಸರುಗಳನ್ನ ಹೆಡ್ಡಿಂಗ್ ಮಾಡಿದ್ರೆ ಪಕ್ಕದಲ್ಲಿ ಪಟ್ಟಿ ಬರುತ್ತೆ, ಆಫ್‌ಲೈನ್ ಆನ್ ಮಾಡಿಟ್ರೆ ನೆಟ್ ಇಲ್ದಾಗ್ಲೂ ತೆಗೀಬಹುದು. ವಿಡಿಯೋ ಲಿಂಕೂ ಅದೇ ಅಡುಗೆ ಕೆಳಗೆ ಅಂಟಿಸ್ಬಹುದು, ಇದು ದೊಡ್ಡ ಲಾಭ.

ಟೈಪ್ ಮಾಡೋದು ಬೇಜಾರು ಅಂದ್ರೆ ಜಿಬೋರ್ಡ್ ಕೀಬೋರ್ಡಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ಅದೇ ಬರೆಯುತ್ತೆ. ಪರವಾಗಿಲ್ಲ ಅನ್ನೋ ಥರ ಬರೆಯುತ್ತೆ, ನಾನು "ಇಂಗು ಹಾಕಿ" ಅಂದ್ರೆ "ಹಿಂಗೂ ಹಾಕಿ" ಅಂತ ಬಂತು. ಸಂಖ್ಯೆಗಳನ್ನ ಮಾತ್ರ ಕಡ್ಡಾಯವಾಗಿ ಇನ್ನೊಂದ್ಸಲ ಓದಿ.

ಹೇಳೋರಿಗೆ ಇದು ಪೂರ್ತಿ ಪರದೇಶ. ಅತ್ತೆ ಯಾವತ್ತೂ ತೆರೆದು ನೋಡಲ್ಲ, ಯಾರೋ ಒಬ್ಬರು ಕೂತು ತುಂಬಿಸ್ಲೇಬೇಕು, ಆ ಒಬ್ಬರು ಉತ್ಸಾಹ ಕಳ್ಕೊಂಡ್ರೆ ಡಾಕು ಹನ್ನೊಂದನೇ ಅಡುಗೆಗೆ ನಿಂತೋಗುತ್ತೆ. ಇನ್ನೊಂದು, ಯಾರ ಅಕೌಂಟಲ್ಲಿ ಮಾಡ್ತೀರ ಅನ್ನೋದು ನೋಡ್ಕೊಳಿ. ಎರಡು ವರ್ಷ ಬಳಸದೇ ಬಿಟ್ಟ ಅಕೌಂಟನ್ನ ಗೂಗಲ್ ಅಳಿಸಬಹುದು, ಹಾಗಾಗಿ ಅತ್ತೆ ಹೆಸರಲ್ಲಿ ಹೊಸ ಅಕೌಂಟ್ ಮಾಡಿ ಅದರಲ್ಲಿಡೋ ಐಡಿಯಾ ಬೇಡ, ದಿನಾ ಬಳಸೋರ ಅಕೌಂಟಲ್ಲಿರಲಿ. ಎಲ್ರಿಗೂ ತಿದ್ದೋ ಅಧಿಕಾರ ಕೊಡ್ಬೇಡಿ, ಇಬ್ಬರಿಗೆ ಸಾಕು, ಉಳಿದೋರಿಗೆ ಓದೋಕೆ ಮಾತ್ರ.

ಜೆರಾಕ್ಸ್ ಪುಸ್ತಕ

ಇದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಡಾಕ್ ರೆಡಿ ಇದ್ರೆ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸೋದು. ನಮ್ಮ ಚಿಕ್ಕಮ್ಮನ ಮನೇಲಿ ಅವರ 60ನೇ ವರ್ಷಕ್ಕೆ 40 ಪುಟದ್ದು ಹೀಗೆ ಮಾಡ್ಸಿ ಬಂದೋರಿಗೆಲ್ಲ ಕೊಟ್ರು, ಒಂದು ಕಾಪಿಗೆ 150ರ ಒಳಗೇ ಆಯ್ತು. ಅರಿಶಿನ ಕುಂಕುಮದ ಜೊತೆ ಸ್ಟೀಲ್ ಬಟ್ಲು ಕೊಡೋ ಬದ್ಲು ಇದು ಎಷ್ಟೋ ಚೆನ್ನಾಗಿತ್ತು. ಆದ್ರೆ ಪ್ರಿಂಟ್ ಆದ್ಮೇಲೆ ತಪ್ಪು ಸಿಕ್ರೆ ಎಲ್ಲಾ ಕಾಪೀಲೂ ತಪ್ಪೇ. ಅವರ ಪುಸ್ತಕದಲ್ಲಿ ಬಿಸಿಬೇಳೆ ಬಾತಿಗೆ ಬೇಳೇನೇ ಬಿಟ್ಟೋಗಿತ್ತು! ಅದಕ್ಕೆ ಕೊನೇಗೆ ಮಾಡೋ ಕೆಲಸ ಇದು, ಮೊದ್ಲು ಮಾಡೋದಲ್ಲ, ಪ್ರತಿ ಅಡುಗೇನೂ ಅತ್ತೆ ಬಿಟ್ಟು ಬೇರೆ ಯಾರಾದ್ರೂ ಒಂದ್ಸಲ ಓದ್ಕೊಂಡು ಮಾಡಿ ನೋಡಿದ್ಮೇಲೆ.

ಮನೇಲಿ ಹೇಳೋರೇ ಇಲ್ದಿದ್ರೆ

ಇದನ್ನೂ ಕೇಳಿದ್ರು ಒಬ್ರು, ಅವರಮ್ಮ ತೀರ್ಕೊಂಡು ವರ್ಷಗಳಾಗಿದೆ. ಅಂಥವ್ರು ಹೊರಗಡೆ ಹುಡುಕ್ಬೇಕು, ಆದ್ರೆ ಹುಡುಕೋ ಹೆಸರು ಸರಿಯಿರ್ಬೇಕು. ಹುಳಿ ಅಂತ ಹುಡುಕಿದ್ರೆ ಸಾಂಬಾರ್ ಬರುತ್ತೆ, ಎರಡೂ ಒಂದಲ್ಲ. ಕರಾವಳಿ ಕಡೆಯೋರು ಕೊದ್ದೆಲ್ ಅಂತಾರೆ, ಉತ್ತರ ಕರ್ನಾಟಕದಲ್ಲಿ ಬ್ಯಾಳಿ ಅಂತಾರೆ, ಹಾಗಾಗಿ ನಿಮ್ಮ ಸೀಮೆ ಹೆಸರು ಸೇರಿಸಿ, ಹಾಸನ, ಮಲೆನಾಡು, ಧಾರವಾಡ ಅಂತೆಲ್ಲ. ಒಂದನ್ನ ನೋಡಿ ಮಾಡ್ಬೇಡಿ, ಮೂರು ನೋಡಿ, ಮೂರರಲ್ಲೂ ಇರೋದು ಬೇಕೇ ಬೇಕಾದ್ದು, ಒಂದರಲ್ಲಿ ಮಾತ್ರ ಇರೋದು ಆ ಮನೆ ರುಚಿ. ಅದಕ್ಕೂ ಮುಂಚೆ ಅಮ್ಮನ ಅಕ್ಕತಂಗೀರು ಯಾರಾದ್ರೂ ಇದ್ರೆ ಅವರಿಗೆ ಫೋನ್ ಮಾಡಿ, ಒಂದೇ ಒಲೆ ಮುಂದೆ ಕಲಿತಿರೋರು ಅವರು.

ಹಾಗಾದ್ರೆ ಯಾವ್ದು

ಒಂದೇ ಊರಲ್ಲಿದ್ದು ಖರ್ಚೂ ಬೇಡ ಗಲಾಟೆನೂ ಬೇಡ ಅನ್ನೋರಿಗೆ ನೋಟ್‌ಬುಕ್, ಜೊತೆಗೆ ತಕ್ಕಡಿ. ಮಕ್ಕಳು ದೂರ ಇದ್ರೆ ಡಾಕ್. ಮಕ್ಕಳಿಗೆ ಕನ್ನಡ ಮಾತಾಡೋಕೆ ಬಂದು ಓದೋಕೆ ಬರಲ್ಲ ಅಂದ್ರೆ, ನಾದಿನಿ ಮಕ್ಕಳು ಹಾಗೇನೇ, ಅವರಿಗೆ ಸಣ್ಣ ವಿಡಿಯೋ ಮತ್ತೆ ಅಜ್ಜಿ ದನಿ, ಅಳತೆ ಮಾತ್ರ ಅಂಕೆಯಲ್ಲಿ. ಹೇಳೋರಿಗೆ ವಯಸ್ಸು ತುಂಬಾ ಆಗಿದೆ, ಆರೋಗ್ಯ ಸರಿಯಿಲ್ಲ ಅಂದ್ರೆ ಇದ್ಯಾವುದನ್ನೂ ಯೋಚಿಸ್ತಾ ಕೂರ್ಬೇಡಿ, ಇವತ್ತೇ ಮೊಬೈಲಲ್ಲಿ ದನಿ ರೆಕಾರ್ಡ್ ಮಾಡಿ ಎರಡು ಕಡೆ ಇಡಿ, ಬರೆಯೋದು ಆಮೇಲೆ ನೋಡ್ಕೊಳ್ಳೋಣ. ಸಮಯವೇ ಇಲ್ಲ ಅನ್ನೋರು ನೂರು ಅಡುಗೆಗೆ ಕೈ ಹಾಕ್ಬೇಡಿ. ಮನೇಲಿ "ಅವರು ಮಾಡಿದಂಗೆ ಬರಲ್ಲ" ಅಂತ ಅನ್ನೋ ಅಡುಗೆ ಯಾವ್ಯಾವ್ದು ಅಂತ ಕೇಳಿ, ನಮ್ಮನೇಲಿ ಎಣಿಸಿದ್ರೆ ಹನ್ನೆರಡೇ ಇತ್ತು.

ನಾವು ಕೊನೆಗೆ ಮಾಡಿದ್ದು ಹೀಗೆ. ಅತ್ತೆ ಹೇಳೋದನ್ನ ನಾನು ಲಾಂಗ್ ಬುಕ್ಕಲ್ಲಿ ಬರೀತೀನಿ, ಓರಗಿತ್ತಿ ಶನಿವಾರ ಅದನ್ನ ಓದ್ಕೊಂಡು ಅವಳ ಮನೇಲಿ ಮಾಡ್ತಾಳೆ, ಸರಿ ಬಂದ್ರೆ ಮೈದುನ ಡಾಕಿಗೆ ಸೇರಿಸ್ತಾನೆ, ಬರ್ಲಿಲ್ಲ ಅಂದ್ರೆ ಮತ್ತೆ ಅತ್ತೆ ಹತ್ರ ಹೋಗೋದು. ಹನ್ನೆರಡರಲ್ಲಿ ಐದು ಆಗಿದೆ. ಹೋಳಿಗೆ ವಿಡಿಯೋ ವರಮಹಾಲಕ್ಷ್ಮಿ ಹಬ್ಬಕ್ಕೆ ತೆಗೆಯೋದು ಅಂತ ಇದೆ, ಅತ್ತೆ ಯಾವ ಸೀರೆ ಉಡೋದು ಅಂತ ಈಗ್ಲೇ ಕೇಳ್ತಿದ್ದಾರೆ, ಕೈ ಮಾತ್ರ ಕಾಣೋದು ಅಂತ ಅವರಿಗೆ ಇನ್ನೂ ಹೇಳಿಲ್ಲ.